ಸೋರುವುದು ಜೀಪಿನ ಹುಟ್ಟುಗುಣವಲ್ಲ

ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಕಡೆಯ ತೋಟಗಳಲ್ಲಿ ಹಳೆಯ ಫೋರ್ ವೀಲ್ ಜೀಪು ಎಲ್ಲಿ ನಿಲ್ಲುತ್ತದೆ ಎಂದು ತಿಳಿಯಲು ಜೀಪೇ ಅಲ್ಲಿರಬೇಕೆಂದಿಲ್ಲ, ನೆಲದ ಮೇಲಿನ ಕರಿ ಕಲೆ ಸಾಕು. ಅದಕ್ಕೊಂದು ಸಿದ್ಧ ಮಾತೂ ಇದೆ: ಜೀಪೆಂದ ಮೇಲೆ ಎಣ್ಣೆ ಸೋರಲೇಬೇಕು, ಸೋರುವುದು ನಿಂತರೆ ಒಳಗೆ ಎಣ್ಣೆ ಮುಗಿದಿದೆ ಎಂದರ್ಥ. ತಮಾಷೆಯಾಗಿ ಇದು ಚೆನ್ನಾಗಿಯೇ ಇದೆ. ನಂಬಿಕೆಯಾದಾಗ ಮಾತ್ರ ದುಬಾರಿ. ನಂಬಿದವರಲ್ಲಿ ಕೆಲವರು ಸೋರಿಕೆಯನ್ನು ಹಣೆಬರಹವೆಂದು ಬಿಟ್ಟುಬಿಡುತ್ತಾರೆ, ಉಳಿದವರು ಮಳೆಗಾಲ ಮುಗಿದಾಗಲೆಲ್ಲ ಹೊಸ ಆಯಿಲ್ ಸೀಲ್ ಹಾಕಿಸುತ್ತಾರೆ. ಇಬ್ಬರ ಲೆಕ್ಕದಲ್ಲೂ ತಪ್ಪಿತಸ್ಥ ಆ ರಬ್ಬರ್ ಬಳೆಯೇ. ನನ್ನ ವಾದ ಬೇರೆ. ಹೆಚ್ಚಿನ ಸಲ ಸೀಲು ಕಳ್ಳನಲ್ಲ, ಕಳ್ಳತನವಾದ ಮನೆ. ಅದರ ಹಿಂದಿನ ಬೇರಿಂಗ್, ಅದು ತಬ್ಬಿಕೊಂಡ ಲೋಹ, ಗೇರುಗಳ ಪೆಟ್ಟಿಗೆಯೊಳಗಿನ ಗಾಳಿ, ಎಣ್ಣೆಯ ಮಟ್ಟ, ಇಷ್ಟನ್ನು ವಿಚಾರಿಸದೆ ಸೀಲು ಬದಲಿಸುವುದು ಕೆಲಸವನ್ನು ತುದಿಯಿಂದ ಶುರುಮಾಡಿದಂತೆ.

ಇಲ್ಲಿ ಹೇಳುತ್ತಿರುವುದು 1941ರ ವಿಲ್ಲಿಸ್ ಜೀಪಿನೊಂದಿಗೆ ಬಂದ ಸ್ಪೈಸರ್ 18 ಎಂಬ ಟ್ರಾನ್ಸ್‌ಫರ್ ಕೇಸಿನ, ಅಂದರೆ ಇಂಜಿನ್ನಿನ ಬಲವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆಯ ಬಗ್ಗೆ. ಮಹೀಂದ್ರ 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಆರಂಭಿಸಿದ ಮೇಲೆ, ಸಿಜೆ-3ಬಿಯಂಥ ಮಾದರಿಗಳ ಜೊತೆ ಇದೇ ಪೆಟ್ಟಿಗೆ ನಮ್ಮ ಮಲೆನಾಡಿನ ಇಳಿಜಾರುಗಳಿಗೂ ಬಂತು. ಒಳಗೆ ಚೈನಿಲ್ಲ, ಬರೀ ಗೇರುಗಳು. ಗೇರ್‌ಬಾಕ್ಸಿನ ಬೆನ್ನಿಗೆ ಅಂಟಿಕೊಂಡಿರುವ ಈ ಬೀಡಿನ ಪೆಟ್ಟಿಗೆಯಿಂದ ಎಣ್ಣೆ ಹೊರಬರಲು ಹಲವು ದಾರಿಗಳಿವೆ: ಹಿಂದೆ ಮುಂದೆ ಪ್ರೊಪೆಲ್ಲರ್ ಶಾಫ್ಟ್ ಸೇರುವ ಯೋಕುಗಳು, ಲಿವರ್ ಜಗ್ಗುವ ಎರಡು ಕಂಬಿಗಳು, ಸ್ಪೀಡೋಮೀಟರ್ ಕೇಬಲ್ಲಿನ ಮೂತಿ, ಅಡಿಯ ಮುಚ್ಚಳ, ನಡುವಿನ ಗೇರನ್ನು ಹೊತ್ತ ಇಂಟರ್ಮೀಡಿಯೇಟ್ ಶಾಫ್ಟಿನ ಹಿಂತುದಿ. ಕೊನೆಯದನ್ನು ಗಮನಿಸಬೇಕು. ಆ ಶಾಫ್ಟು ತಿರುಗುವುದೇ ಇಲ್ಲ, ರಂಧ್ರದಲ್ಲಿ ಬಿಗಿಯಾಗಿ ಕೂತಿರುತ್ತದೆ. ನಂತರದ ಮಾದರಿಗಳಲ್ಲಿ ಅಲ್ಲಿಗೊಂದು ಓ-ರಿಂಗ್ ಕೊಟ್ಟರು. ರಂಧ್ರ ಸವೆದರೆ ಅಲ್ಲಿಂದಲೂ ಎಣ್ಣೆ ಜಿನುಗುತ್ತದೆ, ಯೋಕಿಗೆ ಎಷ್ಟು ಸೀಲು ಹಾಕಿದರೂ ಅದು ನಿಲ್ಲುವುದಿಲ್ಲ.

ಹಾಗಾಗಿ ಮೊದಲು ಕೈಬಿಡಬೇಕಾದ ನಂಬಿಕೆ, ಹನಿ ಬೀಳುವ ಜಾಗವೇ ಸೋರುವ ಜಾಗ ಎಂಬುದು. ಎಣ್ಣೆ ಲೋಹವನ್ನು ಹಿಡಿದುಕೊಂಡು ಹರಿಯುತ್ತದೆ, ಓಡುವ ಗಾಡಿಯಡಿಯ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಇಂಜಿನ್ ಹಿಂಭಾಗದ ಸೀಲಿನಿಂದ ಹೊರಟದ್ದು ಗೇರ್‌ಬಾಕ್ಸಿನ ಹೊಟ್ಟೆ ಸವರಿ ಟ್ರಾನ್ಸ್‌ಫರ್ ಕೇಸಿನ ಅಡಿಯಲ್ಲಿ ಹನಿಯಾದರೆ ಆಶ್ಚರ್ಯವಿಲ್ಲ. ಬೆರಳಿಗೆ ಹಚ್ಚಿ ಮೂಸಿದರೆ ಅರ್ಧ ಗೊತ್ತಾಗುತ್ತದೆ, ಗೇರ್ ಎಣ್ಣೆಗೆ ಗಂಧಕದ ಘಾಟು ಇರುತ್ತದೆ. ಉಳಿದರ್ಧಕ್ಕೆ ಪೆಟ್ಟಿಗೆಯನ್ನು ಸೀಮೆಎಣ್ಣೆಯಿಂದ ತೊಳೆದು, ಒರೆಸಿ ಒಣಗಿಸಿ, ಮೇಲೆ ಟಾಲ್ಕಂ ಪೌಡರ್ ಉದುರಿಸಿ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಬೇಕು. ಬಿಳಿಪುಡಿಯ ಮೇಲೆ ಮೊದಲ ಒದ್ದೆ ಗೆರೆ ಎಲ್ಲಿ ಹುಟ್ಟಿತೋ ಅದೇ ಮೂಲ.

ಮೂಲ ಹಿಂದಿನ ಯೋಕೇ ಎಂದು ಖಚಿತವಾಯಿತೆನ್ನೋಣ. ಆಗಲೂ ಸೀಲಿಗೆ ಕೈಹಾಕುವ ಮುನ್ನ ಯೋಕನ್ನು ಹಿಡಿದು ಮೇಲೆ ಕೆಳಗೆ, ಹಿಂದೆ ಮುಂದೆ ಅಲುಗಿಸಿ ನೋಡಬೇಕು. ಸೀಲಿನ ತುಟಿ ತಿರುಗುವ ಲೋಹವನ್ನು ಕೂದಲೆಳೆಯಷ್ಟು ಅಗಲದಲ್ಲಿ ಮಾತ್ರ ಮುಟ್ಟುತ್ತದೆ, ಅದರ ಬೆನ್ನಿಗೊಂದು ಸಣ್ಣ ಸ್ಪ್ರಿಂಗ್ ಬಳೆ. ಬೇರಿಂಗಿನಲ್ಲಿ ಆಟವಿದ್ದರೆ ಶಾಫ್ಟು ಪ್ರತಿ ಸುತ್ತಿಗೂ ತುಟಿಯಿಂದ ಸರಿದು ಮರಳುತ್ತದೆ, ಆ ಸಂದಿಯೇ ಎಣ್ಣೆಗೆ ಬಾಗಿಲು. ಈ ಪೆಟ್ಟಿಗೆಯ ಹಿಂಶಾಫ್ಟಿಗೆ ಉದ್ದುದ್ದಕ್ಕೆ 0.10ರಿಂದ 0.20 ಮಿಲಿಮೀಟರ್ ಆಟ ಇರಬೇಕೆಂದು ತಯಾರಕರ ಲೆಕ್ಕ. ಅದನ್ನು ಹೊಂದಿಸುವುದು ಹಿಂದಿನ ಬೇರಿಂಗ್ ಕ್ಯಾಪಿನಡಿಯ ತೆಳು ಶಿಮ್‌ಗಳು. ಜೊತೆಗೆ ಯೋಕಿನ ಕತ್ತಿನ ಮೇಲೆ ಉಗುರು ಎಳೆದು ನೋಡಬೇಕು. ದಶಕಗಳ ಕಾಲ ತುಟಿ ಉಜ್ಜಿದ ಕಡೆ ಗೀರು ಬಿದ್ದಿರುತ್ತದೆ, ಉಗುರು ಅಲ್ಲಿ ಸಿಕ್ಕಿಕೊಂಡರೆ ಹೊಸ ಸೀಲಿನ ದುಡ್ಡು ನೀರಲ್ಲಿ ಹೋಮ. ಯೋಕು ಬದಲಿಸಬೇಕು, ಇಲ್ಲವೇ ಅದರ ಮೇಲೆ ತೆಳು ಉಕ್ಕಿನ ತೋಳು ತೊಡಿಸಬೇಕು. ಇದಕ್ಕೆಂದೇ ಬರುವ ತೋಳುಗಳ ದಪ್ಪ ಸುಮಾರು 0.28 ಮಿಲಿಮೀಟರ್ ಅಷ್ಟೇ, ಮೂಲ ಅಳತೆಯ ಸೀಲೇ ಹಿಡಿಸುತ್ತದೆ.

ಇದಕ್ಕೆ ಬರುವ ಆಕ್ಷೇಪ ಊಹಿಸಬಲ್ಲೆ: ಬರೀ ಸೀಲು ಬದಲಿಸಿದರು, ಸೋರಿಕೆ ನಿಂತಿತು, ಇನ್ನೇನು ಬೇಕು? ನಿಂತಿರಬಹುದು. ಹೊಸ ರಬ್ಬರು ಮೆತ್ತಗಿರುತ್ತದೆ, ಸ್ಪ್ರಿಂಗ್ ಬಿಗಿಯಾಗಿರುತ್ತದೆ, ಶಾಫ್ಟಿನ ಕುಣಿತಕ್ಕೆ ತಕ್ಕಂತೆ ಸ್ವಲ್ಪ ಕಾಲ ತಾನೂ ಬಾಗುತ್ತದೆ. ಬಿಸಿಗೆ ಗಟ್ಟಿಯಾದ ಮೇಲೆ ಬಾಗುವುದಿಲ್ಲ. ಸೀಲೊಂದೇ ಕೆಟ್ಟಿದ್ದರೆ ಹೊಸದು ವರ್ಷಗಟ್ಟಲೆ ಬಾಳಬೇಕಿತ್ತು. ಮರುವರ್ಷವೇ ಮತ್ತೆ ಕಲೆ ಕಂಡರೆ ಸೀಲಿನ ಕಂಪನಿಯನ್ನು ಬೈಯುವುದಕ್ಕಿಂತ ಬೇರಿಂಗನ್ನು ನೋಡುವುದು ನ್ಯಾಯ.

ಯಾರೂ ಅನುಮಾನಿಸದ ಇನ್ನೊಬ್ಬ ಆರೋಪಿ ಬ್ರೀದರ್, ಪೆಟ್ಟಿಗೆಯ ಉಸಿರುಗಂಡಿ. ಬೆಳಿಗ್ಗೆ 27 ಡಿಗ್ರಿಯಲ್ಲಿದ್ದ ಗಾಳಿ ಘಾಟಿ ಏರುವಷ್ಟರಲ್ಲಿ 80 ಡಿಗ್ರಿಗೆ ಬಿಸಿಯಾದರೆ, ಹೊರಹೋಗಲು ದಾರಿಯಿಲ್ಲದಾಗ ಅದರ ಒತ್ತಡ ಆರರಲ್ಲೊಂದು ಪಾಲಿಗಿಂತ ಹೆಚ್ಚು ಏರುತ್ತದೆ. ಟೈರಿಗೆ ಗಾಳಿ ಹಿಡಿಯುವವರ ಭಾಷೆಯಲ್ಲಿ ಎರಡೂವರೆ ಪೌಂಡ್. ಟೈರಿಗೆ ಅದೇನೂ ಅಲ್ಲ, ಆದರೆ ಎಣ್ಣೆಯನ್ನು ತಡೆಯಲಷ್ಟೇ ಇರುವ ಮುದಿ ತುಟಿಗೆ ಅದು ಹೊರೆ. ಕೆಸರು ಮೆತ್ತಿ ಗಂಡಿ ಮುಚ್ಚಿದ್ದರೆ ಗಾಳಿ ಎಣ್ಣೆಯನ್ನು ಸೀಲಿನಾಚೆ ತಳ್ಳುತ್ತದೆ. ಬಿಸಿಯಾದ ಗಾಡಿ ಹಳ್ಳಕ್ಕಿಳಿದು ತಣ್ಣಗಾದೊಡನೆ ಅದೇ ದಾರಿಯಲ್ಲಿ ನೀರು ಒಳಕ್ಕೆ ಎಳೆದುಕೊಳ್ಳುತ್ತದೆ. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಇದೇ ಗುರುತು. ಗಂಡಿ ಚೊಕ್ಕ ಮಾಡಲು ತಂತಿಯ ಚೂರು ಸಾಕು.

ದಪ್ಪ ಎಣ್ಣೆ ಹಾಕಿದರೆ ಸೋರುವುದಿಲ್ಲ ಎಂಬ ಮಾತು ಕೇಳಲು ಸರಿ. 90 ಗ್ರೇಡಿನ ಎಣ್ಣೆಗಿಂತ 140ರದ್ದು ನಿಜಕ್ಕೂ ಮಂದ: ನೂರು ಡಿಗ್ರಿ ಬಿಸಿಯಲ್ಲಿ 90ರ ಸ್ನಿಗ್ಧತೆ ಹದಿಮೂರೂವರೆಯಿಂದ ಹದಿನೆಂಟೂವರೆ ಸೆಂಟಿಸ್ಟೋಕ್ಸ್ ಆದರೆ 140ರದ್ದು 24ಕ್ಕೂ ಮೇಲೆ. ಸೋರಿಕೆ ನಿಧಾನವಾಗುತ್ತದೆ, ಅದು ನಿಜ. ಆದರೆ ಇಂಟರ್ಮೀಡಿಯೇಟ್ ಗೇರಿನೊಳಗಿನ ಸೂಜಿ ಬೇರಿಂಗುಗಳಿಗೆ ಎಣ್ಣೆ ತಲುಪುವುದು ಗೇರುಗಳು ಎರಚಿದರಷ್ಟೇ. ಮಾಗಿಯ ಬೆಳಗಿನಲ್ಲಿ ಮಂದ ಎಣ್ಣೆ ಎದ್ದು ಹಾರುವುದಿಲ್ಲ, ಬೇರಿಂಗು ಒಣಗುತ್ತದೆ, ಆಟ ಹೆಚ್ಚುತ್ತದೆ, ಸೀಲು ಮತ್ತೆ ಹೋಗುತ್ತದೆ. ಸಿಲಿಕೋನ್ ಪೇಸ್ಟನ್ನು ಕೇಕಿನ ಕೆನೆಯಂತೆ ಬಳಿಯುವ ಪದ್ಧತಿಯೂ ಇಂಥದ್ದೇ. ಶಿಮ್‌ಗಳ ನಡುವೆ ಪೇಸ್ಟು ದಪ್ಪವಾದರೆ ಕೆಲವು ನೂರರೊಂದಂಶ ಮಿಲಿಮೀಟರಿನಲ್ಲಿ ಹೊಂದಿಸಿದ ಆಟವೇ ಕೆಡುತ್ತದೆ.

ಮಟ್ಟದ ವಿಷಯದಲ್ಲೂ ಒಂದು ಮೋಸವಿದೆ. ಗೇರ್‌ಬಾಕ್ಸಿಗೂ ಟ್ರಾನ್ಸ್‌ಫರ್ ಕೇಸಿಗೂ ನಡುವಿನ ಬೇರಿಂಗಿನ ಮೂಲಕ ಎಣ್ಣೆ ಅಲ್ಲಿಂದಿಲ್ಲಿಗೆ ದಾಟಬಲ್ಲದು. ಒಂದರಲ್ಲಿ ಕಡಿಮೆಯಾದುದೆಲ್ಲ ನೆಲಕ್ಕೇ ಹೋಯಿತೆಂದಲ್ಲ, ಪಕ್ಕದ ಮನೆ ಸೇರಿರಬಹುದು. ಎರಡರ ಎಣ್ಣೆ ತುಂಬುವ ತೂತನ್ನೂ ಸಮತಟ್ಟು ನೆಲದಲ್ಲಿ ತೆರೆದು ನೋಡದೆ ಎಣ್ಣೆ ಸುರಿದರೆ ಒಂದು ಕಡೆ ಅತಿಯಾಗುತ್ತದೆ, ಅತಿಯಾದದ್ದು ಸೀಲಿನ ಮೇಲೆ ಬೀಳುತ್ತದೆ. ತೂತಿನ ಕೆಳಅಂಚಿಗೆ ಎಣ್ಣೆ ತಾಗಿದರೆ ಸಾಕು.

ಕೊನೆಗೆ ಉಳಿಯುವುದು ಖರ್ಚಿನ ಪ್ರಶ್ನೆ: ಹಳೆಯ ಗಾಡಿಗೆ ಇಷ್ಟೆಲ್ಲ ಬಿಚ್ಚುವುದೇಕೆ, ಆಗಾಗ ಎಣ್ಣೆ ಹೊಯ್ದರಾಯಿತಲ್ಲ? ಇದರಲ್ಲಿ ಅರ್ಧ ಸತ್ಯವಿದೆ. ಧೂಳು ಹಿಡಿದು ಒದ್ದೆಯಾಗಿರುವ, ಹನಿ ಕಟ್ಟದ ಜಿನುಗನ್ನು ಬಿಟ್ಟುಬಿಡಬಹುದು. ನಿಮಿಷಕ್ಕೊಂದು ಹನಿಯಾದರೆ ಲೆಕ್ಕ ಬೇರೆ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ ನಿಂತಲ್ಲೇ ಹನ್ನೆರಡು ಗಂಟೆಯಲ್ಲಿ 36 ಮಿಲಿಲೀಟರ್, ಹತ್ತು ರಾತ್ರಿಗೆ 360. ಪೆಟ್ಟಿಗೆ ಹಿಡಿಯುವುದೇ ಒಂದೂವರೆ ಲೀಟರಿಗೆ ಸ್ವಲ್ಪ ಕಡಿಮೆ. ಎಣ್ಣೆಯ ಬೆಲೆಯನ್ನು ಬದಿಗಿಟ್ಟರೂ ಈ ಜೀಪುಗಳ ಹ್ಯಾಂಡ್ ಬ್ರೇಕ್ ಇರುವುದು ಹಿಂದಿನ ಚಕ್ರಗಳಲ್ಲಲ್ಲ, ಇದೇ ಟ್ರಾನ್ಸ್‌ಫರ್ ಕೇಸಿನ ಹಿಂದಿನ ಯೋಕಿಗೆ ಹೊಂದಿದ ಡ್ರಮ್ಮಿನಲ್ಲಿ. ಅಲ್ಲಿ ಸೋರಿದ ಎಣ್ಣೆ ನೆಲಕ್ಕೆ ಬೀಳುವ ಮುಂಚೆ ಬ್ರೇಕಿನ ಲೈನಿಂಗನ್ನು ನೆನೆಸುತ್ತದೆ, ಕಾಫಿ ಮೂಟೆ ಹೇರಿಕೊಂಡು ತೋಟದ ಏರಿನಲ್ಲಿ ನಿಂತ ಜೀಪನ್ನು ಹಿಡಿದಿಡಬೇಕಾದದ್ದು ಅದೇ ಲೈನಿಂಗು.