ವಿದ್ಯುತ್ ಕಾರಿನ ನಿತ್ಯಬಳಕೆ: ಸನಮಡಿಯ ಅಂಗಳದಿಂದ ಒಂದು ವಿವೇಚನೆ

ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕು ಕನ್ನಡ, ಮರಾಠಿಗಳೆರಡೂ ಬಳಕೆಯಲ್ಲಿರುವ ಗಡಿಸೀಮೆ. ಇಲ್ಲಿ ಮಳೆ ಕಡಿಮೆ, ಬರ ಹೆಚ್ಚು. ಕೃಷ್ಣೆಯ ನೀರನ್ನು ಮೇಲೆತ್ತಿ ಈ ಕಡೆಗೆ ಹರಿಸುವ ಮ್ಹೈಸಾಳ ಏತ ನೀರಾವರಿ ಯೋಜನೆ ನಡೆಯುವುದೇ ವಿದ್ಯುತ್ತಿನಿಂದ. ತಾಲೂಕಿನ ದಿನ್ನೆಗಳ ಮೇಲೆ ಗಾಳಿಯಂತ್ರಗಳೂ ತಿರುಗುತ್ತಿವೆ. ಹೀಗೆ ಕರೆಂಟಿನ ಬೆಲೆಯನ್ನು ಚೆನ್ನಾಗಿ ಅರಿತಿರುವ ಈ ಸೀಮೆಯಲ್ಲಿ, ಸನಮಡಿಯಂತಹ ಊರಿನ ಕುಟುಂಬವೊಂದು ದಿನನಿತ್ಯದ ಓಡಾಟಕ್ಕೆ ವಿದ್ಯುತ್ ಕಾರನ್ನು ಕೊಂಡರೆ ಅದರೊಡನೆ ಬಾಳುವೆ ಹೇಗಿದ್ದೀತು? ಈ ಪ್ರಶ್ನೆಗೆ ಉತ್ತರವನ್ನು ಕಾರಿಗಿಂತ ಮೊದಲು ಕಾರು ನಿಲ್ಲುವ ಅಂಗಳದಲ್ಲಿ ಹುಡುಕಬೇಕಾಗುತ್ತದೆ.

ಕನ್ನಡ ನಾಡಿಗೆ ಈ ವಾಹನ ಹೊಸದೇನಲ್ಲ. ಬೆಂಗಳೂರಿನ ಮೈನಿ ಸಮೂಹವು ಅಮೆರಿಕದ ಸಂಸ್ಥೆಯೊಂದರ ಸಹಯೋಗದಲ್ಲಿ 1994ರಲ್ಲಿ ಆರಂಭಿಸಿದ ಉದ್ಯಮದಿಂದ 2001ರಲ್ಲಿ ‘ರೇವಾ’ ಎಂಬ ಪುಟ್ಟ ಕಾರು ಮಾರುಕಟ್ಟೆಗೆ ಬಂದಿತು. ಚೇತನ್ ಮೈನಿಯವರು ಅದರ ರೂವಾರಿಗಳು. ಸೀಸ ಮತ್ತು ಆಮ್ಲದ ಎಂಟು ಬ್ಯಾಟರಿಗಳಿದ್ದ ಆ ಕಾರು ಒಮ್ಮೆ ಪೂರ್ತಿ ಚಾರ್ಜ್ ಆದರೆ ಸುಮಾರು 80 ಕಿ.ಮೀ. ಓಡುತ್ತಿತ್ತು. ಲಂಡನ್ನಿನ ಬೀದಿಗಳಲ್ಲಿ ಅದು ‘ಜಿ-ವಿಜ್’ ಎಂಬ ಹೆಸರಿನಿಂದ ಓಡಾಡಿತು. 2010ರಲ್ಲಿ ಆ ಉದ್ಯಮ ಮಹೀಂದ್ರಾ ಸಂಸ್ಥೆಯ ವಶವಾಯಿತು. ರೇವಾ ಕಲಿಸಿದ ಮುಖ್ಯ ಪಾಠ ಒಂದಿದೆ. ಪೆಟ್ರೋಲ್ ಕಾರಿನವರು ಟ್ಯಾಂಕು ಬರಿದಾಗುತ್ತ ಬಂದಾಗ ಬಂಕಿಗೆ ಹೋಗುತ್ತಾರೆ. ವಿದ್ಯುತ್ ಕಾರಿನವರು ಆ ದಿನ ಖರ್ಚಾದಷ್ಟನ್ನು ಆ ರಾತ್ರಿಯೇ ಮನೆಯಲ್ಲಿ ತುಂಬಿಕೊಳ್ಳುತ್ತಾರೆ. ಹೊಲದಿಂದ ಮರಳಿದ ಎತ್ತಿಗೆ ಮೇವು ಹಾಕಿ ಕಟ್ಟುವ ಕೆಲಸದಂತೆಯೇ ಇದು.

ಲೆಕ್ಕವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಶಿಕ್ಷಕರೊಬ್ಬರು ದಿನಕ್ಕೆ 50 ಕಿ.ಮೀ. ಓಡಾಡುತ್ತಾರೆಂದು ಭಾವಿಸೋಣ. ಸಣ್ಣ ವಿದ್ಯುತ್ ಕಾರೊಂದು ಒಂದು ಯುನಿಟ್ ವಿದ್ಯುತ್ತಿನಲ್ಲಿ ಸುಮಾರು 7 ಕಿ.ಮೀ. ಸಾಗುತ್ತದೆ. ಆದ್ದರಿಂದ ದಿನದ ಖರ್ಚು 7 ಯುನಿಟ್. ಚಾರ್ಜ್ ಮಾಡುವಾಗ ಶಾಖವಾಗಿ ಸೋರಿಹೋಗುವುದನ್ನೂ ಸೇರಿಸಿದರೆ ಮೀಟರಿನಲ್ಲಿ 8 ಯುನಿಟ್ ಬೀಳುತ್ತದೆ. 15 ಆಂಪಿಯರಿನ ಸಾಕೆಟ್ಟಿನಿಂದ ಗಂಟೆಗೆ ಸುಮಾರು 3 ಯುನಿಟ್ ಸಿಗುವುದರಿಂದ ಮೂರು ಗಂಟೆಗಳ ಕರೆಂಟು ಸಾಕು. 2022ರಲ್ಲಿ ಬಂದ ಟಾಟಾ ಟಿಯಾಗೊ ಇವಿಯ ದೊಡ್ಡ ಬ್ಯಾಟರಿಯ ಸಾಮರ್ಥ್ಯ 24 ಯುನಿಟ್. ಅದನ್ನು ಶೇ. 80ರಿಂದ ಶೇ. 20ರವರೆಗೆ ಮಾತ್ರ ಬಳಸಿದರೂ 100 ಕಿ.ಮೀ. ದಾಟುತ್ತದೆ. ಅಂದರೆ ಒಂದು ರಾತ್ರಿ ಕರೆಂಟು ಕೈಕೊಟ್ಟರೂ ಮರುದಿನದ ಕೆಲಸ ನಿಲ್ಲುವುದಿಲ್ಲ. ನಡುದಾರಿಯಲ್ಲಿ ಬ್ಯಾಟರಿ ಮುಗಿದೀತೆಂಬ ಅಳುಕು ದೂರಪ್ರಯಾಣದ್ದು, ದಿನನಿತ್ಯದ್ದಲ್ಲ.

ನಿಜವಾದ ತೊಡಕು ನೆಲದೊಳಗಿದೆ. ಶಾಸ್ತ್ರಗ್ರಂಥಗಳಲ್ಲಿ ‘ಭೂಸಂಪರ್ಕ’ ಎಂದೂ ಆಡುಮಾತಿನಲ್ಲಿ ‘ಅರ್ಥಿಂಗ್’ ಎಂದೂ ಕರೆಯುವ ವ್ಯವಸ್ಥೆ ಸರಿಯಿಲ್ಲದಿದ್ದರೆ ಇಂದಿನ ಅನೇಕ ಚಾರ್ಜರುಗಳು ದೋಷಸೂಚನೆ ತೋರಿಸಿ ನಿಂತುಬಿಡುತ್ತವೆ. ಸೋರಿದ ವಿದ್ಯುತ್ತು ಮನುಷ್ಯರ ಮೈಯನ್ನು ಹಾಯದೆ ಸುರಕ್ಷಿತವಾಗಿ ನೆಲ ಸೇರಬೇಕೆಂಬುದು ಅದರ ಉದ್ದೇಶ. ಹಸಿ ಮಣ್ಣು ವಿದ್ಯುತ್ತನ್ನು ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ಒಣ ಮಣ್ಣು ತಡೆಯುತ್ತದೆ. ಅದಕ್ಕಾಗಿಯೇ ಗುಂಡಿಯಲ್ಲಿ ಕೊಳವೆಯನ್ನು ಹೂಳಿ ಸುತ್ತಲೂ ಇದ್ದಿಲು ಮತ್ತು ಉಪ್ಪನ್ನು ತುಂಬುತ್ತಾರೆ. ಬೇಸಿಗೆಯಲ್ಲಿ ಅದಕ್ಕೆ ಆಗಾಗ ನೀರು ಹೊಯ್ಯಬೇಕು. ಕೊಡ ನೀರಿಗೂ ಲೆಕ್ಕವಿಡುವ ಬರದ ಊರಿನಲ್ಲಿ ಕಾರಿನ ಖರ್ಚಿಗೆ ಈ ನೀರೂ ಸೇರುತ್ತದೆ.

ಎರಡನೆಯ ತೊಡಕು ಮನೆ ಇರುವ ಜಾಗದ್ದು. ಊರೊಳಗಿನ ಮನೆಗಳಿಗೂ ಹೊಲದ ಪಂಪುಗಳಿಗೂ ಬೇರೆ ಬೇರೆ ಫೀಡರುಗಳಿಂದ ವಿದ್ಯುತ್ತನ್ನು ಒದಗಿಸುವ ವ್ಯವಸ್ಥೆ ಮಹಾರಾಷ್ಟ್ರದಲ್ಲಿ ಬೆಳೆದುಬಂದಿದೆ. ಹೊಲದ ಫೀಡರಿನಲ್ಲಿ ತ್ರೀ ಫೇಸ್ ವಿದ್ಯುತ್ತು ಸರದಿಯ ಮೇಲೆ ಕೆಲವೇ ಗಂಟೆ ಬರುತ್ತದೆ. ಉಳಿದ ಹೊತ್ತಿನಲ್ಲಿ ದೊರೆತರೂ ಅದು ದೀಪ, ಫ್ಯಾನುಗಳಿಗೆ ಸಾಲುವಷ್ಟು. ಹಾಗಾಗಿ ಊರೊಳಗೆ ಸಲೀಸಾಗಿ ಚಾರ್ಜ್ ಆಗುವ ಕಾರೇ ಹೊಲದ ವಸ್ತಿಮನೆಯಲ್ಲಿ ಸರದಿಗಾಗಿ ಕಾಯಬೇಕಾದೀತು. ರಿಯಾಯಿತಿ ದರದ ಪಂಪಿನ ಸಂಪರ್ಕದಿಂದಲೇ ಕಾರಿಗೂ ತಂತಿ ಎಳೆಯುವ ಯೋಚನೆ ಬರಬಹುದು. ಆದರೆ ಮಂಜೂರಾದ ಉದ್ದೇಶವನ್ನು ಬಿಟ್ಟು ಬೇರೆ ಕೆಲಸಕ್ಕೆ ವಿದ್ಯುತ್ತನ್ನು ಬಳಸುವುದು 2003ರ ವಿದ್ಯುಚ್ಛಕ್ತಿ ಕಾಯ್ದೆಯ ಪ್ರಕಾರ ಅನಧಿಕೃತ ಬಳಕೆಯಾಗುತ್ತದೆ.

ಉಳಿತಾಯದ ಲೆಕ್ಕದಲ್ಲಿಯೂ ಎಚ್ಚರ ಬೇಕು. ತಿಂಗಳಿಗೆ 25 ದಿನ ಓಡಿಸಿದರೆ ಕಾರಿನ ಪಾಲು 200 ಯುನಿಟ್. ಮಹಾರಾಷ್ಟ್ರದಲ್ಲಿ ಮನೆಬಳಕೆಯ ದರ ಮೊದಲ 100 ಯುನಿಟ್‌ಗಳಿಗೆ ಕಡಿಮೆ. 101ರಿಂದ 300ರವರೆಗೆ ಹೆಚ್ಚು. ಮೊದಲು 80 ಯುನಿಟ್ ಉರಿಸುತ್ತಿದ್ದ ಮನೆ ಈಗ 280ಕ್ಕೆ ಏರುತ್ತದೆ. ಹಾಗಾಗಿ ಕಾರಿಗೆ ತಗಲುವುದು ಬಹುಮಟ್ಟಿಗೆ ಎರಡನೆಯ ಹಂತದ ದರ. ಯುನಿಟ್ಟಿಗೆ 10 ರೂಪಾಯಿ ಹಿಡಿದರೆ ದಿನಕ್ಕೆ 80 ರೂಪಾಯಿ. ಲೀಟರಿಗೆ 18 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ ಅಷ್ಟೇ ದೂರಕ್ಕೆ ಸುಮಾರು 2.8 ಲೀಟರ್ ಬೇಕು. ಲೀಟರಿಗೆ 100 ರೂಪಾಯಿಯಂತೆ 280 ರೂಪಾಯಿ. ಉಳಿತಾಯ ದೊಡ್ಡದೇ. ಆದರೆ ಕಾರಿನ ಹೆಚ್ಚುವರಿ ಬೆಲೆ, ಅರ್ಥಿಂಗ್, ಹೊಸ ವೈರಿಂಗ್ ಮತ್ತು ಮಂಜೂರಾದ ಲೋಡ್ ಏರಿಸುವ ಖರ್ಚನ್ನು ಅದು ತೀರಿಸಬೇಕು. ದಿನಕ್ಕೆ 10 ಕಿ.ಮೀ. ಮಾತ್ರ ಓಡಾಡುವವರಿಗೆ ಇದು ಬಹುಕಾಲ ತೀರದ ಸಾಲ.

ಲಿಥಿಯಂ ಬ್ಯಾಟರಿಗೆ ಬಿಸಿಲು ಒಳ್ಳೆಯದಲ್ಲ. ಬೇಸಿಗೆಯ ಮಧ್ಯಾಹ್ನ ಬೇವಿನ ನೆರಳಿನಲ್ಲಿ ನಿಲ್ಲಿಸುವುದು, ಬಿಸಿಲಿನಲ್ಲಿ ಓಡಿ ಬಂದ ಕೂಡಲೇ ಚಾರ್ಜಿಗೆ ಹಚ್ಚದೆ ಸ್ವಲ್ಪ ಆರಲು ಬಿಡುವುದು ಅದರ ಆಯುಷ್ಯವನ್ನು ಹೆಚ್ಚಿಸುತ್ತವೆ. ವಿಜಯಪುರಕ್ಕೋ ಮಿರಜಿಗೋ ಹೋಗುವಾಗ ದಾರಿಯ ಚಾರ್ಜಿಂಗ್ ಕೇಂದ್ರ ಕೆಲಸ ಮಾಡುತ್ತಿದೆಯೇ ಎಂದು ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಲೇಸು. ರಾತ್ರೋರಾತ್ರಿ ಆಸ್ಪತ್ರೆಗೆ ಧಾವಿಸಬೇಕಾದ ಪ್ರಸಂಗ ಯಾವ ಮನೆಗೂ ಬರಬಹುದಾದ್ದರಿಂದ ಬ್ಯಾಟರಿಯನ್ನು ಎಂದೂ ತಳಕ್ಕೆ ಇಳಿಸಬಾರದು.

ಆದ್ದರಿಂದ ಇಂತಹ ಊರಿನವರು ಶೋರೂಮಿಗೆ ಹೋಗುವ ಮೊದಲು ಊರಿನ ವೈರ್‌ಮನ್‌ನನ್ನು ಅಂಗಳಕ್ಕೆ ಕರೆಯುವುದು ಸೂಕ್ತ. ನೆಲದ ತಡೆ ಎಷ್ಟು, ವೈರಿಂಗ್ ಎಷ್ಟು ಹಳೆಯದು, ರಾತ್ರಿ ಎಷ್ಟು ಗಂಟೆ ಕರೆಂಟು ನಿಲ್ಲದೆ ಇರುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ ಯಾವ ಕಾರು ಎಂಬ ನಾಲ್ಕನೆಯ ಪ್ರಶ್ನೆ ಸುಲಭವಾಗುತ್ತದೆ.