ತೂಕ ಇಳಿಸಿದ ಬಾಕ್ಸರ್‌ಗೆ ಏನಾಗುತ್ತದೆ?

ಪ್ರಶ್ನೆ: ಪಂದ್ಯಕ್ಕೆ ಮುನ್ನ ಬಾಕ್ಸರ್‌ಗಳು ಒಂದೆರಡು ದಿನಗಳಲ್ಲೇ ಕಿಲೋಗಟ್ಟಲೆ ತೂಕ ಇಳಿಸುವುದು ಹೇಗೆ? ಅದರಿಂದ ಅಪಾಯವಿಲ್ಲವೆ?

ಉತ್ತರ: ಇಳಿಯುವುದು ಬಹುಪಾಲು ಕೊಬ್ಬಲ್ಲ, ನೀರು. ಬಾಯಾರಿದರೂ ನೀರು ಕುಡಿಯದೆ, ದಪ್ಪ ಬಟ್ಟೆ ತೊಟ್ಟು ಸ್ಕಿಪ್ಪಿಂಗ್ ಮಾಡಿ, ಹಬೆಯ ಕೋಣೆಯಲ್ಲಿ ಕುಳಿತು ಬೆವರು ಹರಿಸುತ್ತಾರೆ. 2018ರಲ್ಲಿ ಪೋಲೆಂಡ್‌ನ ಪಂದ್ಯಾವಳಿಯೊಂದರಲ್ಲಿ ಭಾರತದ ಬಾಕ್ಸರ್ ಮೇರಿ ಕೋಮ್ ನಾಲ್ಕೇ ತಾಸಿನಲ್ಲಿ 2 ಕಿಲೋ ಇಳಿಸಿ, 48 ಕಿಲೋ ವಿಭಾಗದಲ್ಲಿ ಚಿನ್ನ ಗೆದ್ದಿದ್ದರು.

ಆದರೆ ಬೆವರಿನೊಂದಿಗೆ ರಕ್ತದ ನೀರಿನಂಶವೂ ಹೋಗುತ್ತದೆ. ರಕ್ತದ ಪ್ರಮಾಣ ತಗ್ಗಿದಂತೆ ಹೃದಯ ಹೆಚ್ಚು ಬಡಿಯಬೇಕು. ಮೈ ಕಾವೇರುತ್ತದೆ, ತುಟಿ ಒಣಗಿ ಬಿರಿಯುತ್ತದೆ, ತೋಳು ಬೇಗ ಸೋಲುತ್ತದೆ.

ವೈದ್ಯರ ದೊಡ್ಡ ಆತಂಕ ಮಿದುಳಿನದು. ನೀರು ತುಂಬಿದ ಎಳನೀರನ್ನು ಅಲ್ಲಾಡಿಸಿದರೆ ಸದ್ದಿಲ್ಲ. ನೀರು ಬತ್ತಿದ ಗಿಟಕು ಚಿಪ್ಪಿನೊಳಗೆ ಲೊಟಲೊಟ ಎನ್ನುತ್ತದೆ. ಹಾಗೆಯೇ ದೇಹ ಒಣಗಿದಾಗ ಮಿದುಳೂ ತುಸು ಕುಗ್ಗುತ್ತದೆ. ಆಗ ಬಿದ್ದ ಗುದ್ದಿಗೆ ತಲೆಬುರುಡೆಯೊಳಗೆ ಅದು ಹೆಚ್ಚು ಅಲುಗಬಹುದು.

ತೂಕ ನೋಡಿದ ಮೇಲೆ ಗಟಗಟ ನೀರು ಕುಡಿದರೆ ತಕ್ಕಡಿಯ ಮುಳ್ಳು ಬೇಗ ಏರುತ್ತದೆ. ಆದರೆ ಜೀವಕೋಶಗಳು ಪೂರ್ತಿ ಚೇತರಿಸಿಕೊಳ್ಳಲು ಒಂದು ದಿನವೂ ಸಾಲದೇ ಹೋಗಬಹುದು. ಅದಕ್ಕೇ ಎಳೆಯ ಬಾಕ್ಸರ್‌ಗಳು ತಮ್ಮ ಸಹಜ ತೂಕದ ವಿಭಾಗದಲ್ಲೇ ಆಡಬೇಕು.