ಮಾಲೆಯವರೆಗೆ ಅಗ್ಗ, ಅಲ್ಲಿಂದಾಚೆ ದುಬಾರಿ

ಬೆಂಗಳೂರಿನಿಂದ ದೆಹಲಿಗೆ ಆಕಾಶಮಾರ್ಗದಲ್ಲಿ ಸುಮಾರು 1,700 ಕಿ.ಮೀ. ಮಾಲ್ಡೀವ್ಸ್‌ನ ರಾಜಧಾನಿ ಮಾಲೆಗೆ 1,100. ನೇರ ವಿಮಾನ ಹಿಡಿದರೆ ಎರಡು ತಾಸಿನ ಹಾದಿ. ಭಾರತೀಯ ಪ್ರವಾಸಿಗೆ ವೀಸಾ ಶುಲ್ಕ ಸೊನ್ನೆ. ಹೊರಡುವ 96 ತಾಸಿನೊಳಗೆ ‘ಇಮುಗಾ’ ಎಂಬ ಆನ್‌ಲೈನ್ ಘೋಷಣೆ ತುಂಬಬೇಕು, ಅದೂ ಉಚಿತ. ಅದಕ್ಕೆ ದುಡ್ಡು ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ ಎಂದು ತಿಳಿಯಿರಿ. ಇಷ್ಟು ಕೇಳಿದವರು ಕೂಡಲೇ ಸೂಟ್‌ಕೇಸ್ ಇಳಿಸುತ್ತಾರೆ. ಬಿಲ್ಲು ಏರತೊಡಗುವುದು ಮಾಲೆಯಲ್ಲಿ ಇಳಿದ ಮೇಲೆ.

ಮುಂದಿನ ಲೆಕ್ಕಕ್ಕೆಲ್ಲ ಡಾಲರಿಗೆ 90 ರೂಪಾಯಿ ಹಿಡಿದಿದ್ದೇನೆ. ಹೋಗಿಬರುವ ವಿಮಾನ ಟಿಕೆಟ್ಟು 22,500 ರೂ. ಎಂದುಕೊಳ್ಳೋಣ, ರಜೆಯ ದಿನಗಳಲ್ಲಿ ಇದು ಜಿಗಿಯುತ್ತದೆ, ಮಳೆಗಾಲದಲ್ಲಿ ಇಳಿಯುತ್ತದೆ. ಈ ಟಿಕೆಟ್ಟಿನ ಹೊಟ್ಟೆಯೊಳಗೇ ಮೊದಲ ಅಚ್ಚರಿ ಇದೆ. 2024ರ ಡಿಸೆಂಬರ್ 1ರಿಂದ ಮಾಲ್ಡೀವ್ಸ್ ಬಿಡುವ ಪ್ರತಿ ವಿದೇಶಿ ಎಕಾನಮಿ ಪ್ರಯಾಣಿಕ 50 ಡಾಲರ್ ನಿರ್ಗಮನ ತೆರಿಗೆ, ಜೊತೆಗೆ 50 ಡಾಲರ್ ವಿಮಾನ ನಿಲ್ದಾಣ ಅಭಿವೃದ್ಧಿ ಶುಲ್ಕ ತೆರಬೇಕು. ಬಿಸಿನೆಸ್ ದರ್ಜೆಯವರಿಗೆ ಇದು ತಲಾ 120, ಸ್ವಂತ ಜೆಟ್ಟಿನಲ್ಲಿ ಬಂದವರಿಗೆ ತಲಾ 480. ಅಂದರೆ ಸಾಮಾನ್ಯ ಪ್ರಯಾಣಿಕನ 22,500ರಲ್ಲಿ 9,000 ರೂಪಾಯಿ ಬರೀ ಆ ದೇಶದಿಂದ ಹೊರಡುವುದಕ್ಕೆ ಕೊಡುವ ದುಡ್ಡು. ಟಿಕೆಟ್ಟಿನೊಳಗೇ ಸೇರಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಕಣ್ಣಿಗೆ ಬೀಳದ ತೆರಿಗೆಯನ್ನು ಹಾಕುವುದು ಸುಲಭ ಎಂಬುದು ಎಲ್ಲ ದೇಶದ ಹಣಕಾಸು ಮಂತ್ರಿಗಳಿಗೂ ಗೊತ್ತು.

ಈಗ ದೂರದ ಲೆಕ್ಕ. ಈ ದೇಶದ ಒಟ್ಟು ನೆಲ ಸುಮಾರು 298 ಚದರ ಕಿ.ಮೀ. ಅದು 1,192 ದ್ವೀಪಗಳಾಗಿ, 90,000 ಚದರ ಕಿ.ಮೀ. ಕಡಲಿನಲ್ಲಿ, ಉತ್ತರದಿಂದ ದಕ್ಷಿಣಕ್ಕೆ ಸುಮಾರು 870 ಕಿ.ಮೀ. ಉದ್ದಕ್ಕೆ ಚದುರಿದೆ. ಜನ ಬಾಳುವ ದ್ವೀಪಗಳು 200ರ ಒಳಗೆ. 1972ರಲ್ಲಿ ಕುರುಂಬಾ ಎಂಬ ಮೊದಲ ರೆಸಾರ್ಟ್ ತೆರೆದಾಗಿನಿಂದ ಜನವಸತಿಯಿಲ್ಲದ ದ್ವೀಪಗಳನ್ನು ಒಂದೊಂದಾಗಿ ಗುತ್ತಿಗೆಗೆ ಕೊಡುತ್ತ ಬಂದರು. ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್. ಹಾಗಾಗಿ ಅಲ್ಲಿಗೆ ಬಸ್ಸೂ ಇಲ್ಲ, ಪೈಪೋಟಿಯ ದೋಣಿಯೂ ಇಲ್ಲ. ರೆಸಾರ್ಟಿನವರು ಗೊತ್ತುಮಾಡಿದ ಸವಾರಿಯಲ್ಲೇ, ಅವರು ಹೇಳಿದ ದರಕ್ಕೇ ಹೋಗಬೇಕು.

ದೂರದ ರೆಸಾರ್ಟಿಗೆ ಆ ಸವಾರಿ ಸೀಪ್ಲೇನ್. ಹದಿನೈದು ಜನ ಹಿಡಿಯುವ ಟ್ವಿನ್ ಆಟರ್ ವಿಮಾನ. ಚಕ್ರದ ಬದಲು ನೀರಿನ ಮೇಲೆ ತೇಲುವ ಹಲಗೆ, ಬರಿಗಾಲಿನ ಪೈಲಟ್. ಹೋಗಿಬರಲು ತಲೆಗೆ 400ರಿಂದ 600 ಡಾಲರ್. ನಡುವಿನ 500 ಹಿಡಿದು, ದೂರ 150 ಕಿ.ಮೀ. ಎಂದುಕೊಂಡರೆ, 300 ಕಿ.ಮೀ. ಪಯಣಕ್ಕೆ 45,000 ರೂ. ಅಂದರೆ ಕಿಲೋಮೀಟರಿಗೆ 150. ಬೆಂಗಳೂರು–ಮಾಲೆ ವಿಮಾನಕ್ಕೆ ಇದೇ ಲೆಕ್ಕ ಹಾಕಿದರೆ, ತೆರಿಗೆ ಸೇರಿಯೂ ಕಿಲೋಮೀಟರಿಗೆ ಹತ್ತು ರೂಪಾಯಿ ಚಿಲ್ಲರೆ. ಹದಿನೈದು ಪಟ್ಟು ವ್ಯತ್ಯಾಸ. ಗಂಡ-ಹೆಂಡತಿ ಇಬ್ಬರ ಬೆಂಗಳೂರಿನ ಟಿಕೆಟ್ಟು 45,000. ಅವರಿಬ್ಬರ ಸೀಪ್ಲೇನು 90,000.

ಹಣ ಅಷ್ಟೇ ಅಲ್ಲ, ಹೊತ್ತೂ ಇಲ್ಲಿ ಬೆಲೆ ಕೇಳುತ್ತದೆ. ಸೀಪ್ಲೇನ್ ಹಾರುವುದು ಹಗಲಿನಲ್ಲಿ ಮಾತ್ರ. ನಿಮ್ಮ ವಿಮಾನ ಮಧ್ಯಾಹ್ನ ಮೂರೂವರೆಯ ಆಸುಪಾಸಿನೊಳಗೆ ಇಳಿಯದಿದ್ದರೆ ಆ ದಿನದ ಸೀಪ್ಲೇನ್ ಕೈತಪ್ಪಿತೆಂದೇ ಲೆಕ್ಕ. ರಾತ್ರಿಗೆ ವಿಮಾನ ನಿಲ್ದಾಣದ ಪಕ್ಕದ ಹುಲ್ಹುಮಾಲೆಯಲ್ಲಿ ಕೋಣೆ ಹುಡುಕಬೇಕು, ರೆಸಾರ್ಟಿನ ಒಂದು ರಾತ್ರಿ ಬಾಡಿಗೆ ನೀರಿಗೆ. ಸಾಮಾನು 20 ಕಿಲೋ, ಕೈಚೀಲ 5 ಕಿಲೋ ಮೀರಿದರೆ ಮತ್ತೆ ದುಡ್ಡು.

ಸ್ಪೀಡ್‌ಬೋಟಿನ ಕಥೆ ಬೇರೆ. ಜನವಸತಿಯ ದ್ವೀಪಗಳಲ್ಲೂ ಪ್ರವಾಸಿಗರು ತಂಗಲು 2009ರ ಹೊತ್ತಿಗೆ ಸರ್ಕಾರ ಬಾಗಿಲು ತೆರೆದ ಮೇಲೆ ಗೆಸ್ಟ್‌ಹೌಸುಗಳು ಹುಟ್ಟಿಕೊಂಡವು. ಅದರಲ್ಲಿ ಮೊದಲು ಹೆಸರಾದದ್ದು ಮಾಫುಶಿ, ಮಾಲೆಯಿಂದ 27 ಕಿ.ಮೀ. ದಕ್ಷಿಣಕ್ಕೆ. ಹಂಚಿಕೆಯ ಸ್ಪೀಡ್‌ಬೋಟಿಗೆ ಒಂದು ಕಡೆಗೆ ಸುಮಾರು 25 ಡಾಲರ್, ಅರ್ಧ-ಮುಕ್ಕಾಲು ತಾಸು. ಕಿಲೋಮೀಟರಿಗೆ 83 ರೂ. ಇದೇ ದಾರಿಗೆ ಸ್ಥಳೀಯರು ಹತ್ತುವ ನಿಧಾನದ ಸಾರ್ವಜನಿಕ ದೋಣಿಗೆ 2–3 ಡಾಲರ್, ಒಂದೂವರೆ ತಾಸು. ಕಿಲೋಮೀಟರಿಗೆ ಏಳರಿಂದ ಹತ್ತು ರೂ., ವಿಮಾನದ ಲೆಕ್ಕಕ್ಕೆ ಸರಿಸಮ. ಒಮ್ಮೆ ಮಾಫುಶಿಗೆ ಇಳಿದ ಮೇಲೆ ಓಡಾಟದ ಖರ್ಚೇ ಇಲ್ಲ. ದ್ವೀಪದ ಉದ್ದ ಒಂದೂಕಾಲು ಕಿ.ಮೀ., ಅಗಲ ಕಾಲು ಕಿ.ಮೀ. ತುದಿಯಿಂದ ತುದಿಗೆ ನಡೆಯಲು ಹದಿನೈದು-ಇಪ್ಪತ್ತು ನಿಮಿಷ. ಮದ್ಯ ಮಾರುವಂತಿಲ್ಲ, ಹಾಗಾಗಿ ಆ ಬಾಬ್ತೂ ಉಳಿಯಿತು. ಬೇಕಾದವರಿಗೆ ದ್ವೀಪದಾಚೆ ಲಂಗರು ಹಾಕಿದ ಹಡಗಿನಲ್ಲಿ ಬಾರ್ ಇದೆ, ಕಾನೂನು ನೀರಿನ ಮೇಲೆ ಸ್ವಲ್ಪ ಸಡಿಲ.

ಇನ್ನು ತಂಗುವ ಬಿಲ್ಲು. ಜಾಹೀರಾತಿನಲ್ಲಿ ದರದ ಪಕ್ಕ ಎರಡು ಕೂಡುವ ಚಿಹ್ನೆ ಕಂಡರೆ ಎಚ್ಚರ. ಒಂದು ಶೇ 10ರ ಸೇವಾ ಶುಲ್ಕ, ಇನ್ನೊಂದು ಪ್ರವಾಸೋದ್ಯಮದ ಜಿಎಸ್‌ಟಿ. ಈ ಜಿಎಸ್‌ಟಿ 2025ರ ಜುಲೈ 1ರಿಂದ ಶೇ 17ಕ್ಕೆ ಏರಿದೆ. ಸೇವಾ ಶುಲ್ಕ ಸೇರಿಸಿದ ಮೊತ್ತದ ಮೇಲೆ ಅದು ಬೀಳುವುದರಿಂದ 100 ಡಾಲರ್ ಮೊದಲು 110 ಆಗಿ, ಆಮೇಲೆ 128.70 ಆಗುತ್ತದೆ. ಇದರ ಮೇಲೆ ಹಸಿರು ತೆರಿಗೆ. 2025ರ ಜನವರಿಯಿಂದ ರೆಸಾರ್ಟಿನಲ್ಲಿ ತಲೆಗೆ ದಿನಕ್ಕೆ 12 ಡಾಲರ್, ಜನವಸತಿ ದ್ವೀಪದ ಸಣ್ಣ ಗೆಸ್ಟ್‌ಹೌಸಿನಲ್ಲಿ 6. ಎರಡೂ ಹಿಂದಿನದರ ದುಪ್ಪಟ್ಟು.

ಇಬ್ಬರು, ನಾಲ್ಕು ರಾತ್ರಿ ಎಂದು ಹಿಡಿದು ಎರಡೂ ಲೆಕ್ಕ ಅಕ್ಕಪಕ್ಕ ಇಡೋಣ. ಊಟ, ನೀರಾಟ ಹೊರಗೆ. ರಾತ್ರಿಗೆ 70 ಡಾಲರಿನ ಗೆಸ್ಟ್‌ಹೌಸ್: ಬಾಡಿಗೆ 280, ತೆರಿಗೆ ಸೇರಿ 360. ಹಸಿರು ತೆರಿಗೆ 48. ಸ್ಪೀಡ್‌ಬೋಟ್ 100. ಒಟ್ಟು 508 ಡಾಲರ್, ಸುಮಾರು 45,700 ರೂ. ರಾತ್ರಿಗೆ 400 ಡಾಲರಿನ ರೆಸಾರ್ಟ್ (ಅಲ್ಲಿ ಇದು ಮಧ್ಯಮ ದರ್ಜೆ): ಬಾಡಿಗೆ 1,600, ತೆರಿಗೆ ಸೇರಿ 2,059. ಹಸಿರು ತೆರಿಗೆ 96. ಸೀಪ್ಲೇನ್ 1,000. ಒಟ್ಟು 3,155 ಡಾಲರ್, 2.84 ಲಕ್ಷ ರೂ. ಆರು ಪಟ್ಟಿಗೂ ಮಿಗಿಲು. ಸೀಪ್ಲೇನ್ ಒಂದರ ದುಡ್ಡಿನಲ್ಲೇ ಗೆಸ್ಟ್‌ಹೌಸಿನ ಪೂರ್ತಿ ವಾಸ ಹೆಚ್ಚುಕಡಿಮೆ ಎರಡು ಸಲ ಮುಗಿಯುತ್ತಿತ್ತು. ರೆಸಾರ್ಟೇ ಬೇಕು ಎನ್ನುವವರು ಮಾಲೆಯ ಅಕ್ಕಪಕ್ಕದ ಉತ್ತರ, ದಕ್ಷಿಣ ಮಾಲೆ ಹವಳವರ್ತುಲಗಳಲ್ಲಿ ಹುಡುಕಲಿ. ಅಲ್ಲಿಗೆ ಸ್ಪೀಡ್‌ಬೋಟ್ ಸಾಕು. ರಾತ್ರಿ ಇಳಿದರೂ ಕರೆದೊಯ್ಯುತ್ತಾರೆ.

ಇಷ್ಟೊಂದು ಏಕೆ ಎಂದರೆ, ದುರಾಸೆ ಎಂದಷ್ಟೇ ಹೇಳಿದರೆ ಅರ್ಧ ಸತ್ಯ. 2022ರ ಜನಗಣತಿಯಲ್ಲಿ ಅಲ್ಲಿನ ಜನಸಂಖ್ಯೆ 5.15 ಲಕ್ಷ. 2024ರಲ್ಲಿ ಬಂದ ಪ್ರವಾಸಿಗರು 20 ಲಕ್ಷ ದಾಟಿದರು. ಒಬ್ಬೊಬ್ಬರು ಸರಾಸರಿ ಏಳೆಂಟು ದಿನ ಉಳಿದರೆಂದರೆ, ಯಾವ ದಿನ ಎಣಿಸಿದರೂ 40 ಸಾವಿರದ ಆಸುಪಾಸು ಹೆಚ್ಚುವರಿ ಬಾಯಿ. ಬೆಳೆಯಲು ನೆಲವಿಲ್ಲ. ಅಕ್ಕಿ, ಡೀಸೆಲ್, ಮರಳು ಎಲ್ಲವೂ ಹೊರಗಿನಿಂದ. 1981ರಿಂದ ನಡೆದುಬಂದ ಒಪ್ಪಂದದಡಿ ಭಾರತ 2024–25ಕ್ಕೆ ರಫ್ತಿಗೆ ಒಪ್ಪಿದ ಮಿತಿ ನೋಡಿ: ಅಕ್ಕಿ 1,24,218 ಟನ್, ಈರುಳ್ಳಿ 35,749 ಟನ್, ಮೊಟ್ಟೆ 42.75 ಕೋಟಿ. ಪೂರ್ತಿ ಹೋದರೆ ಪ್ರವಾಸಿಗರನ್ನೂ ಸೇರಿಸಿ ತಲೆಗೆ ದಿನಕ್ಕೆ ಎರಡು ಮೊಟ್ಟೆ. ಇದು ಮಾಲೆಯವರೆಗೆ ದೊಡ್ಡ ಹಡಗಿನಲ್ಲಿ ಬಂದು, ಅಲ್ಲಿಂದ ಸಣ್ಣ ದೋಣಿಗೆ ಇಳಿದು, ದ್ವೀಪದ್ವೀಪಕ್ಕೆ ಹಂಚಿಹೋಗಬೇಕು. ಕರೆಂಟಿಗೆ ಬಹುತೇಕ ಪ್ರತಿ ದ್ವೀಪಕ್ಕೂ ಸ್ವಂತ ಡೀಸೆಲ್ ಜನರೇಟರು, ಕುಡಿಯಲು ಉಪ್ಪು ತೆಗೆದ ಕಡಲನೀರು. ಪ್ರವಾಸಿಗ ತೆರುವ ಕೊನೆಯ ದಾರಿಯ ದರವನ್ನೇ ಅವನ ತಟ್ಟೆಯ ಈರುಳ್ಳಿಯೂ ತೆತ್ತು ಬಂದಿರುತ್ತದೆ.

ಭಾರತೀಯರ ಲೆಕ್ಕ ಮಾತ್ರ ಬೆಲೆಯ ಮೇಲಷ್ಟೇ ನಿಂತಿಲ್ಲ. 2023ರಲ್ಲಿ 2 ಲಕ್ಷ ದಾಟಿ ಮೊದಲ ಸ್ಥಾನದಲ್ಲಿದ್ದವರು, 2024ರ ಜನವರಿಯಲ್ಲಿ ಎರಡು ದೇಶಗಳ ನಡುವೆ ಎದ್ದ ರಾಜಕೀಯ ಜಟಾಪಟಿಯ ನಂತರ ಆ ವರ್ಷ 1.3 ಲಕ್ಷದ ಹತ್ತಿರಕ್ಕೆ ಇಳಿದರು. ಆಗ ಮಾಲ್ಡೀವ್ಸ್‌ಗೆ ಬದಲಾಗಿ ಎಲ್ಲರ ಬಾಯಲ್ಲೂ ಲಕ್ಷದ್ವೀಪ. ಅಲ್ಲಿ ಡಾಲರಿನ ಗೋಜಿಲ್ಲ ನಿಜ, ಆದರೆ ನೆಲ 32 ಚದರ ಕಿ.ಮೀ., ಅಗತ್ತಿಯ ರನ್‌ವೇ 1,200 ಮೀಟರ್, ಇಳಿಯುವುದು ಎಟಿಆರ್‌ನಂಥ ಸಣ್ಣ ವಿಮಾನ, ಜೊತೆಗೆ ಪ್ರವೇಶ ಪರವಾನಗಿ. ಲಕ್ಷಗಟ್ಟಲೆ ಜನ ಅಲ್ಲಿಗೆ ಹೊರಳುತ್ತಾರೆಂಬ ಮಾತು ಆಸನಗಳ ಎಣಿಕೆಯಲ್ಲೇ ಬಿದ್ದುಹೋಗುತ್ತದೆ.

ಕಡೆಗೆ, ಮಾಲ್ಡೀವ್ಸ್ ಟಿಕೆಟ್ ಕಾಯ್ದಿರಿಸುವಾಗ ವಾರ ನೋಡಿ. ಶುಕ್ರವಾರ ಅಲ್ಲಿ ವಾರದ ರಜೆ. ನಿಧಾನದ ಸಾರ್ವಜನಿಕ ದೋಣಿಗಳು ಹೊರಡುವುದಿಲ್ಲ, ಸ್ಪೀಡ್‌ಬೋಟುಗಳೂ ಕಡಿಮೆ. ಎರಡು ಸಾವಿರ ಅಗ್ಗವೆಂದು ಶುಕ್ರವಾರದ ವಿಮಾನ ಹಿಡಿದ ಜೋಡಿ, 3 ಡಾಲರಿನ ದೋಣಿ ಬಿಟ್ಟು 25 ಡಾಲರಿನದಕ್ಕೆ ಹತ್ತಿದರೆ, ಇಬ್ಬರಿಗೂ ಸೇರಿ 44 ಡಾಲರ್ ಹೆಚ್ಚು, ಅಂದರೆ 3,960 ರೂ.